ಎರಡು ಇನ್‌ಪುಟ್ ಸಾಕಾ?

ಮನೆ ಸ್ಟುಡಿಯೋಗೆ ಎರಡು ಇನ್‌ಪುಟ್‌ನ ಇಂಟರ್‌ಫೇಸ್ ಸಾಕು ಗುರು! ಯೂಟ್ಯೂಬ್ ತೆರೆದರೆ ಇದೇ ಮಾತು. ನಂಬಿ ನಾನೂ ತಗೊಂಡೆ. ಗಿಟಾರ್ ಹಿಡಿದು ಒಬ್ಬನೇ ಕೂರುವವನಿಗೆ ಅದು ಸರಿಯೇ, ಒಂದೊಂದೇ ಟ್ರ್ಯಾಕ್ ಸೇರಿಸುತ್ತಾ ಹೋಗಬಹುದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ 'ನೆಬ್ರಾಸ್ಕಾ' ಆಲ್ಬಮ್ಮನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದ.

ಆದರೆ ವಿಜಯನಗರದ ನಮ್ಮ ಹತ್ತಡಿ ರೂಮಲ್ಲಿ ಹಾಡೋದು ಭಾವಗೀತೆ. ತಬಲಾದವರು ಕ್ಲಿಕ್‌ಗೆ ನುಡಿಸಿ ಹೋದರು, ಆಮೇಲೆ ಅಕ್ಕ ಹಾಡಿದಳು. ಲಯ ಒಂಚೂರೂ ತಪ್ಪಿರಲಿಲ್ಲ, ಹಾಡು ಮಾತ್ರ ಸತ್ತಿತ್ತು. ಸಾಲಿನ ಕೊನೆಯಲ್ಲಿ ಅವಳು ಉಸಿರು ಹಿಡಿದು ನಿಂತರೆ ತಬಲಾ ಕಾಯಬೇಕು ತಾನೇ? ಕಾಯೋಕೆ ಇಬ್ಬರೂ ಒಟ್ಟಿಗೆ ಕೂರಬೇಕು. ಕಂಠಕ್ಕೊಂದು, ತಬಲಾಕ್ಕೊಂದು, ಡಗ್ಗಾಕ್ಕೊಂದು, ಹಾರ್ಮೋನಿಯಂಗೊಂದು ಅಂದರೆ ನಾಲ್ಕು ಮೈಕ್ ಬೇಕು.

ಕೊಳ್ಳುವಾಗ ಹೆಸರಲ್ಲಿರೋ ಅಂಕಿ ನಂಬಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4ರಲ್ಲಿ ಮೈಕ್‌ಗೆ ಇರೋದು ಎರಡೇ ಇನ್‌ಪುಟ್, ಉಳಿದೆರಡು ಲೈನ್. ಮೈಕ್ ಪ್ರೀಆಂಪ್ ಎಷ್ಟಿದೆ ಅಂತ ಕೇಳಿ.

ಹಳೇ ಡಬ್ಬ ಮಾರಿ ನಾಲ್ಕು ಪ್ರೀಆಂಪ್‌ನದು ತಂದೆ. ಅಕ್ಕ ಈಗ ತಬಲಾದವರ ಎದುರಿಗೇ ಕೂತು ಹಾಡ್ತಾಳೆ. ಪಕ್ಕದ್ಮನೆ ಕುಕ್ಕರ್ ಸೀಟಿ ಮಾತ್ರ ನಾಲ್ಕೂ ಟ್ರ್ಯಾಕಲ್ಲಿ ಬರುತ್ತೆ.