ಟಿಕೆಟ್ಟಿಗೆ ಹಣವಿದೆ, ಹೊತ್ತಿಗೆ ಇಲ್ಲ

ಅಮೆರಿಕ, ಬ್ರಿಟನ್, ಕೆನಡಾಗಳ ವೈದ್ಯ ವಿದ್ಯಾರ್ಥಿಗಳು ತಮ್ಮ ಶಿಕ್ಷಣದ ಭಾಗವಾಗಿ ನಾಲ್ಕಾರು ವಾರ ಆಫ್ರಿಕಕ್ಕೋ ಭಾರತಕ್ಕೋ ಬಂದು ಹೋಗುವುದನ್ನು ನೀವು ಕೇಳಿರಬಹುದು. 'ಜಾಗತಿಕ ಆರೋಗ್ಯ' ತರಬೇತಿ ಎಂದು ಅದಕ್ಕೆ ಹೆಸರು. ವಿಶ್ವವಿದ್ಯಾಲಯಗಳು, ವೈದ್ಯ ಸಂಘಗಳು, ದತ್ತಿ ಸಂಸ್ಥೆಗಳು ಅದಕ್ಕೆ ಧನಸಹಾಯ ಕೊಡುತ್ತವೆ. ಆ ಹಣ ಹೆಚ್ಚಾಗಿ ಹೋಗುವುದು ವಿಮಾನದ ಟಿಕೆಟ್ಟಿಗೆ, ವಸತಿಗೆ, ವಿಮೆಗೆ. ಖರ್ಚಿನ ಪಟ್ಟಿ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮುಗಿಯುವುದು ಲೆಕ್ಕದ ತಪ್ಪು ಎಂಬುದು ನನ್ನ ಆಕ್ಷೇಪ.

ಹೇಗೆಂದು ನೋಡೋಣ. ಮಲಪ್ರಭೆಯ ದಂಡೆಯ ಮನೋಳಿಯ ಆಸ್ಪತ್ರೆಗೆ ಇಂಥ ವಿದ್ಯಾರ್ಥಿನಿಯೊಬ್ಬಳು ಆರು ವಾರಕ್ಕೆಂದು ಬಂದಳು ಎಂದು ಕಲ್ಪಿಸಿಕೊಳ್ಳಿ. ಹೆರಿಗೆಯಾದ ಸ್ವಲ್ಪ ಹೊತ್ತಿಗೆ ಬಾಣಂತಿ "ಕಣ್ಣಿಗೆ ಕತ್ತಲಿ ಬಂದಂಗ ಆಗತೈತ್ರಿ" ಎನ್ನುತ್ತಾಳೆ. ಅದು ಬರಿಯ ಆಯಾಸವಿರಬಹುದು, ಹೆಚ್ಚು ರಕ್ತ ಹೋಗುತ್ತಿರುವ ಸೂಚನೆಯೂ ಇರಬಹುದು. ಆ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಬೇಕಾದವರು ನರ್ಸಬಾಯಿ. ಅದೇ ಗಳಿಗೆಯಲ್ಲಿ ನಾಡಿ ಹಿಡಿದು, ರಕ್ತದೊತ್ತಡ ನೋಡಿ, ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆ ಮುಟ್ಟಿ ಪರೀಕ್ಷಿಸಬೇಕಾದವರೂ ಅವರೇ. ಅತಿಥಿಗೆ ವಿವರಿಸಲು ಅವರು ದಿನಕ್ಕೆ ಒಂದೇ ತಾಸು ಕೊಟ್ಟರೆನ್ನಿ. ವಾರಕ್ಕೆ ಆರು ದಿನದಂತೆ ಆರು ವಾರಕ್ಕೆ 36 ತಾಸು. ಎಂಟು ತಾಸಿನ ಪಾಳಿಯ ಲೆಕ್ಕದಲ್ಲಿ ನಾಲ್ಕೂವರೆ ದಿನದ ದುಡಿಮೆ. ವರ್ಷಕ್ಕೆ ಇಂಥ ನಾಲ್ವರು ಬಂದರೆ 18 ದಿನ. ಈ 18 ದಿನಗಳನ್ನು ದಾನ ಮಾಡಿದವರು ಯಾರು? ದತ್ತಿ ಸಂಸ್ಥೆಯಲ್ಲ, ಮನೋಳಿಯ ಬಾಣಂತಿಯರು.

ಹೊರಗಿನ ಹಣವೇ ಬೇಡ ಎಂಬ ಹಟ ನನ್ನದಲ್ಲ. ಹಣವನ್ನು ಬೇರೆ ರೀತಿಯಲ್ಲಿ ಹೂಡಿದರೆ ಏನಾಗಬಲ್ಲದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರೊಡನೆ ಕೂಡಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ನುರಿತ ಕೈ ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಈ ಎರಡು ತೊಡಕೂ ಇಲ್ಲ. ಅದು ಹಳ್ಳಿಯಲ್ಲಿ ಕೆಲಸ ಮಾಡುತ್ತದೆಯೇ? 1620 ತಾಯಂದಿರಲ್ಲಿ ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಔಷಧವಿಲ್ಲದ ಹುಸಿ ಗುಳಿಗೆ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ಹೋದ ರಕ್ತವನ್ನು ಅಳೆದವರು 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು, ಅಂದರೆ ನಮ್ಮ ನರ್ಸಬಾಯಿಯರು.

ಅಳೆಯುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕಣ್ಣಂದಾಜಿನಲ್ಲಿ ರಕ್ತದ ಪ್ರಮಾಣ ಹೇಳುವುದು ಅನುಭವಿಗಳಿಗೂ ಕಷ್ಟ. ಅದಕ್ಕಾಗಿ ಬಾಣಂತಿಯ ಕೆಳಗೆ ಹಾಸುವ, ಚೀಲದಂತೆ ಇಳಿಬಿದ್ದು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. ಬೆಳಗಾವಿಯಲ್ಲೇ ಹೋಲಿಸಿ ನೋಡಿದಾಗ ಕಣ್ಣಂದಾಜು ಹಾಳೆಯ ಅಳತೆಗಿಂತ 33% ಕಡಿಮೆ ತೋರಿಸುತ್ತಿತ್ತು! ಪ್ರಯೋಗಶಾಲೆಯಲ್ಲಿ ಅಳತೆ ಜಾಡಿ ಹಿಡಿಸುವ ಶಿಕ್ಷಕರಿಗೆ ಇದು ತರಗತಿಯಲ್ಲಿ ಹೇಳಲು ತಕ್ಕ ಸಂಗತಿ.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತಸ್ರಾವಕ್ಕೆ ಈಡಾದವರ ಪ್ರಮಾಣ 12.0%ರಿಂದ 6.4%ಕ್ಕೆ ಇಳಿದಿತ್ತು. ನಡುಕ, ಜ್ವರ ಕೆಲವರಲ್ಲಿ ಕಂಡವು. ಆದರೆ 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬರಿಗೆ ರಕ್ತಸ್ರಾವ ತಪ್ಪುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದಕ್ಕೂ ಅಮೆರಿಕದ ಸರ್ಕಾರಿ ಹಣವೇ ಮುಖ್ಯವಾಗಿ ಬಂದಿತ್ತು. ವ್ಯತ್ಯಾಸವೆಂದರೆ ಆ ಹಣ ಮೂರು ವರ್ಷಕ್ಕೂ ಮಿಕ್ಕಿ ಒಂದೇ ಜಿಲ್ಲೆಯಲ್ಲಿ ನಿಂತು ದುಡಿಯಿತು. ಆರು ವಾರದ ಅತಿಥಿ ಇಂಥ ಕೆಲಸ ಮಾಡಲಾರಳು. ಅದು ಅವಳ ತಪ್ಪಲ್ಲ. ಅವಳು ಬಂದಿರುವುದು ಕಲಿಯಲಿಕ್ಕೆ. ಆದರೆ ಅನೇಕ ಪ್ರಚಾರ ಪತ್ರಗಳು ಅವಳು ಸೇವೆ ಮಾಡಲು ಬಂದಿದ್ದಾಳೆ ಎನ್ನುತ್ತವೆ. ಕಲಿಯಲು ಬಂದವರು ಶುಲ್ಕ ಕೊಡಬೇಕಾಗುತ್ತದೆ, ಸೇವೆಗೆ ಬಂದವರಿಗೆ ನಾವು ಕೃತಜ್ಞರಾಗಬೇಕಾಗುತ್ತದೆ. ಒಂದು ಪದ ಬದಲಿಸಿದರೆ ಸಾಲಗಾರರೇ ಬದಲಾಗುತ್ತಾರೆ, ಗಮನಿಸಿ.

ಈ ತಪ್ಪನ್ನು ಅರ್ಧ ತಿದ್ದಿದ ಯೋಜನೆಯೂ ಇತ್ತು. ಅಮೆರಿಕದ ಫೋಗಾರ್ಟಿ ಅಂತರರಾಷ್ಟ್ರೀಯ ಕೇಂದ್ರ 2004ರಿಂದ 2012ರವರೆಗೆ ನಡೆಸಿದ ಯೋಜನೆಯಲ್ಲಿ ಅಲ್ಲಿಂದ ಬರುವ ಪ್ರತಿ ವಿದ್ಯಾರ್ಥಿಗೂ ಆತಿಥೇಯ ದೇಶದ ಒಬ್ಬ ಜೊತೆಗಾರ. ಇಬ್ಬರಿಗೂ ಸಹಾಯಧನ, ಇಬ್ಬರಿಗೂ ಸುಮಾರು ಒಂದು ವರ್ಷದ ಸಂಶೋಧನಾ ತರಬೇತಿ. ಭಾರತದಲ್ಲೂ ಅದರ ಕೇಂದ್ರಗಳಿದ್ದವು. ನನಗೆ ತಿಳಿದ ಯೋಜನೆಗಳಲ್ಲಿ ಇದು ಉತ್ತಮವಾದದ್ದು. ಆದರೂ ಜೋಡಿ ಕಟ್ಟಿದ್ದು ಸಂಶೋಧಕರ ನಡುವೆ ಮಾತ್ರ. ನರ್ಸಬಾಯಿ ಅದರಲ್ಲೂ ಚಿತ್ರದ ಹೊರಗೇ ಉಳಿದರು. ಇಂಥ ತರಬೇತಿಗಳ ನೀತಿಸೂತ್ರಗಳನ್ನು 2010ರಲ್ಲಿ ತಜ್ಞರ ಗುಂಪೊಂದು ರೂಪಿಸಿ, ಆತಿಥೇಯರಿಗೆ ಬೀಳುವ ಖರ್ಚನ್ನು ಕಡೆಗಣಿಸಬಾರದು ಎಂದು ಹಣ ಕೊಡುವವರಿಗೂ ಹೇಳಿತು. ಹೇಳಿತು, ಕಡ್ಡಾಯ ಮಾಡುವ ಅಧಿಕಾರ ಅದಕ್ಕಿರಲಿಲ್ಲ.

ದಾರಿ ಎರಡೂ ಕಡೆಗೆ ತೆರೆದಿದೆಯೇ? ನಮ್ಮ ಕೊನೆಯ ವರ್ಷದ ವಿದ್ಯಾರ್ಥಿ ಅಮೆರಿಕದ ಆಸ್ಪತ್ರೆಯಲ್ಲಿ ಕೆಲವು ವಾರ ಕಲಿಯಲು ವೀಸಾ ಉಂಟು, ಸಂಬಳವಿಲ್ಲ. ಶುಲ್ಕ, ಪ್ರಯಾಣ, ಬಾಡಿಗೆ ಎಲ್ಲವೂ ಹೆಚ್ಚಾಗಿ ಅಪ್ಪನ ಜೇಬಿನಿಂದ. ಸವದತ್ತಿ ತಾಲೂಕಿನ ಒಕ್ಕಲಿಗನ ಮಗಳಿಗೆ ಆ ದಾರಿ ತೆರೆದಿದೆ ಎನ್ನುವುದು ಚೇಷ್ಟೆಯ ಮಾತಾದೀತು.

ಇನ್ನು, ಪರರ ಹಣಕ್ಕೆ ಪರರ ರಾಜಕೀಯವೂ ಅಂಟಿಕೊಂಡಿರುತ್ತದೆ. 2025ರ ಮೇ 1ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಲ್ಲಿನ ವಿಶ್ವವಿದ್ಯಾಲಯಗಳ ಮೂಲಕ ಹೊರದೇಶದ ಸಹಭಾಗಿಗಳಿಗೆ ಸಲ್ಲುತ್ತಿದ್ದ ಉಪ-ಅನುದಾನವನ್ನು ಹಳೆಯ ರೀತಿಯಲ್ಲಿ ಇನ್ನು ಕೊಡುವುದಿಲ್ಲ ಎಂದವು. ಅದೇ ವರ್ಷ ಮಂಡಿಸಿದ ಬಜೆಟ್ ಪ್ರಸ್ತಾವದಲ್ಲಿ ಫೋಗಾರ್ಟಿ ಕೇಂದ್ರವನ್ನೇ ಮುಚ್ಚುವ ಮಾತಿತ್ತು.

ಈ ವಿಷಯದಲ್ಲಿ ನಮ್ಮ ದೇಶದ ಒಂದು ನಿಯಮವನ್ನು ಮೆಚ್ಚಬೇಕು. ಜಿಲ್ಲಾ ರೆಸಿಡೆನ್ಸಿ ಯೋಜನೆಯಂತೆ 2021ರಲ್ಲಿ ಸೇರಿದ ತಂಡದಿಂದ ಮೊದಲ್ಗೊಂಡು ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಅವರ ಸ್ಟೈಪೆಂಡನ್ನು ಪೂರ್ತಿಯಾಗಿ ಅವರ ಕಾಲೇಜೇ ಕೊಡಬೇಕು. ಬರುವವರಿಗೆ ಭಾಷೆ ಗೊತ್ತಿರುವ ಸಂಭವ ಹೆಚ್ಚು, ರೋಗಿಯನ್ನು ಮುಟ್ಟುವ ಅರ್ಹತೆಯೂ ಉಂಟು. ಆದರೆ ಅವರಿಗೆ ಊರಿನ ಆರೋಗ್ಯವನ್ನು ಪರಿಚಯಿಸುವ ಸ್ಥಳೀಯ ಸಿಬ್ಬಂದಿಗೆ ಬೋಧಕರ ಸ್ಥಾನವನ್ನೋ ಭತ್ಯೆಯನ್ನೋ ಕೊಡುವ ವಿಚಾರ ಇಲ್ಲೂ ಬರಬೇಕು.

ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಇಂಥ ತರಬೇತಿಗೆ ಶಿಫಾರಸು ಪತ್ರ ಕೇಳಿಕೊಂಡು ಬಂದರೆ, ಅಥವಾ ಹೊರದೇಶದ ತಂಡವೊಂದು ನಿಮ್ಮೂರಿನ ಆಸ್ಪತ್ರೆಗೆ ಬರುತ್ತದೆಂದು ಸ್ವಾಗತ ಸಮಿತಿಗೆ ನಿಮ್ಮನ್ನು ಕರೆದರೆ, ಮೊದಲು ಖರ್ಚಿನ ಪಟ್ಟಿ ನೋಡಲು ಕೇಳಿ. ಟಿಕೆಟ್ಟು ಯಾವ ಸಾಲಿನಲ್ಲಿದೆ ಎಂಬುದು ತಾನಾಗಿ ಕಾಣುತ್ತದೆ. ಆ 36 ತಾಸು ಯಾವ ಸಾಲಿನಲ್ಲಿದೆ ಎಂದು ವಿಚಾರಿಸಿ.