ಇಟಗಿಯ ತೆರೆದ ಮಂಟಪ: ಸಭಾಂಗಣ ಪರಂಪರೆಯ ಮರುಪರಿಶೀಲನೆ

ಕರ್ನಾಟಕದಲ್ಲಿ ಸಾರ್ವಜನಿಕ ಸಭಾಂಗಣವೆಂದೊಡನೆ 1935ರಲ್ಲಿ ಉದ್ಘಾಟನೆಗೊಂಡ ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನದಂತಹ ಕಟ್ಟಡಗಳು ನೆನಪಾಗುತ್ತವೆ. ಐರೋಪ್ಯ ಮಾದರಿಯ ಕಂಬಸಾಲು, ಎತ್ತರದ ಮೆಟ್ಟಿಲುಗಳು, ಗೋಡೆಗಳ ನಡುವಣ ವೇದಿಕೆ ಹಾಗೂ ಅದಕ್ಕೆ ಅಭಿಮುಖವಾದ ಆಸನಗಳು ಇವುಗಳ ಲಕ್ಷಣ. ಆದರೆ ಜನರು ಕೂಡಿ ಕುಳಿತುಕೊಳ್ಳಲೆಂದೇ ಕಟ್ಟಡವೊಂದನ್ನು ರೂಪಿಸುವ ಕಲ್ಪನೆ ಈ ನಾಡಿನಲ್ಲಿ ಅದಕ್ಕಿಂತ ಬಹಳ ಹಳೆಯದು. ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದು, ಈಗ ಕುಕನೂರು ತಾಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಇದನ್ನು 1112ರಲ್ಲಿ ನಿರ್ಮಿಸಿದನು. ಶಾಸನವು ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದೆ. 1926ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಅವರು ಹಳೇಬೀಡಿನ ನಂತರದ ಸ್ಥಾನವನ್ನು ಇದಕ್ಕೆ ನೀಡಿದರು. ಈ ಎರಡು ಪ್ರಶಂಸೆಗಳು ದೇವಾಲಯದ ಕೀರ್ತಿಯನ್ನು ಹರಡಿದವಾದರೂ, ಗಮನವನ್ನು ಶಿಖರ, ಬಾಗಿಲುವಾಡ, ಕೆತ್ತನೆಗಳ ಸೂಕ್ಷ್ಮತೆಗಳ ಕಡೆಗೇ ಹೆಚ್ಚಾಗಿ ಸೆಳೆದವು. ಪೂರ್ವದಿಕ್ಕಿನ ತೆರೆದ ಮಂಟಪವನ್ನು ಜನಬಳಕೆಯ ನೆಲೆಯಿಂದ ವಿವೇಚಿಸುವ ಪ್ರಯತ್ನ ಹಿಂದುಳಿಯಿತು.

ಈ ಮಂಟಪಕ್ಕೆ ಮೂಲತಃ 68 ಕಂಬಗಳಿದ್ದವು. ಪೂರ್ಣ ಎತ್ತರದವು ನಡುಭಾಗದ ಛಾವಣಿಯನ್ನು ಹೊತ್ತರೆ, ಅಂಚಿನ ಗಿಡ್ಡ ಕಂಬಗಳು ಕಲ್ಲಿನ ಜಗಲಿಯ ಮೇಲೆ ನಿಂತು ಇಳಿಜಾರು ಸೂರಿಗೆ ಆಧಾರವಾಗಿವೆ. ಬೆಳಕು, ಗಾಳಿಗಳಿಗೆ ತಡೆಯಿಲ್ಲ. ಗರ್ಭಗುಡಿಯೊಳಗಿನ ಕತ್ತಲೆಯಿಂದ ಹೊರಬಂದಂತೆ ಕಟ್ಟಡವು ಹಂತಹಂತವಾಗಿ ಬಯಲಿಗೆ ತೆರೆದುಕೊಳ್ಳುತ್ತದೆ. ಎತ್ತರಿಸಿದ ನೆಲ, ಅಂಚಿನ ಆಸನ, ತೆರೆದ ಪಕ್ಕಗಳು: ಈ ಮೂರು ಅಂಶಗಳನ್ನು ಉತ್ತರ ಕರ್ನಾಟಕದ ಊರಚಾವಡಿಗಳಲ್ಲಿ, ಮನೆಗಳ ಪಡಸಾಲೆಗಳಲ್ಲಿ, ಮರದಡಿಯ ಕಟ್ಟೆಗಳಲ್ಲಿ ಇಂದಿಗೂ ಗುರುತಿಸಬಹುದು. ಇವುಗಳಲ್ಲಿ ಯಾವುದು ಯಾವುದರಿಂದ ಬಂದಿತೆಂದು ನಿರ್ಣಯಿಸುವುದಕ್ಕಿಂತ, ಶಿಷ್ಟ ಮತ್ತು ಜನಪದ ವಾಸ್ತುಗಳು ಒಂದೇ ಅಗತ್ಯಕ್ಕೆ ಓಗೊಟ್ಟ ಬಗೆಯನ್ನು ಗಮನಿಸುವುದು ಹೆಚ್ಚು ಫಲಪ್ರದ.

ಆದರೆ ಈ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ದಾನದತ್ತಿಗಳ ಸಂದರ್ಭದಲ್ಲಿ ಮಹಾಜನರು, ಸೆಟ್ಟಿಗಳು, ಊರ ಪ್ರಮುಖರು ಹಾಜರಿದ್ದುದನ್ನು ಚಾಲುಕ್ಯ ಕಾಲದ ಶಾಸನಗಳು ಹೇಳುತ್ತವೆ; ಕಲ್ಲು ಒಡೆದವರ, ಹೊಲ ಉತ್ತವರ ಸ್ಥಾನವನ್ನು ಅಷ್ಟೇ ಸ್ಪಷ್ಟವಾಗಿ ಹೇಳುವುದಿಲ್ಲ. ಬಯಲಿಗೆ ತೆರೆದ ಮಂಟಪವು ಎಲ್ಲರಿಗೂ ತೆರೆದಿತ್ತೆಂದು ಕೇವಲ ವಾಸ್ತುವಿನ ಆಧಾರದಿಂದ ಹೇಳಲಾಗದು. ಚಾವಡಿಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಪರಿಚಿತವಾದುದೇ. ಅದನ್ನು ಮಂಟಪದ ಬಗೆಗೂ ಕೇಳಬೇಕಾಗುತ್ತದೆ.

ಇಂದು ದೇವಾಲಯವು ಕೇಂದ್ರ ಪುರಾತತ್ತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ಇಂತಹ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯವಿರುತ್ತದೆ. ಕಲ್ಲಿನ ಉಳಿವಿಗೆ ಈ ಕ್ರಮ ಅಗತ್ಯ. ಆದರೆ ಆವರಣದ ಹೊರಗಿರುವ ಊರಿನ ಆಡುಮಾತು, ಹೇಳಿಕೆ, ಆಚರಣೆಗಳಲ್ಲಿ ಉಳಿದಿರಬಹುದಾದ ಬಳಕೆಯ ನೆನಪನ್ನು ಕಾನೂನು ಕಾಯಲಾರದು. ಹಿರಿಯ ತಲೆಮಾರಿನೊಂದಿಗೆ ಅದು ಮರೆಯಾಗುತ್ತದೆ. ಶಾಸನಪಾಠ ಹಾಗೂ ವಾಸ್ತುನಕ್ಷೆಗಳ ಪಕ್ಕದಲ್ಲಿ ಈ ಮೌಖಿಕ ಸಾಮಗ್ರಿಯನ್ನೂ ಇರಿಸಿ ನೋಡಿದಾಗ ಮಾತ್ರ ಇಟಗಿಯ ಮಂಟಪವನ್ನು ಕನ್ನಡ ನಾಡಿನ ಸಭಾಂಗಣ ಪರಂಪರೆಯಲ್ಲಿ ಸಾಧಾರವಾಗಿ ನೆಲೆಗೊಳಿಸಲು ಸಾಧ್ಯ.