ಬಂಡಾಯದ ನೆನಪಿದೆ, ಲೆಕ್ಕದ ನೆನಪಿಲ್ಲ

1837ರ ಅಮರ ಸುಳ್ಯ ಬಂಡಾಯವನ್ನು ನಮ್ಮ ಜಿಲ್ಲೆ ಮರೆತಿಲ್ಲ. ನಿರಂಜನರು ಅದರ ಮೇಲೆ 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪನೆಯಾಯಿತು. ಸಂತೋಷ. ಆದರೆ ಭಾಷಣ, ಬರಹಗಳಲ್ಲಿ ಹೆಚ್ಚಿನವು ಒಂದು ಪ್ರಶ್ನೆಯನ್ನು ಬದಿಗೆ ಸರಿಸುತ್ತವೆ. ಕತ್ತಿ ಹಿಡಿಯುವ ಮೊದಲು ರೈತನ ಮನೆಯ ಲೆಕ್ಕ ಏನಾಗಿತ್ತು?

1801ರಲ್ಲಿ ಕಂಪನಿಯ ಪರವಾಗಿ ನಾಡನ್ನು ಸಮೀಕ್ಷೆ ಮಾಡುತ್ತಾ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ದಾರಿಯಲ್ಲಿ ಸಾಗಿದ. ಅವನ ಪ್ರವಾಸ ಕಥನ 1807ರಲ್ಲಿ ಪ್ರಕಟವಾಯಿತು. ಮಂಗಳೂರು ಬಂದರಿನ ದೊಡ್ಡ ರಫ್ತು ಅಕ್ಕಿ ಎಂಬುದನ್ನು ಅವನು ದಾಖಲಿಸಿದ್ದಾನೆ. ಮಸ್ಕತ್, ಗೋವಾ, ಮುಂಬಯಿ, ಮಲಬಾರಿಗೆ ಹೋಗುತ್ತಿದ್ದ ಆ ಅಕ್ಕಿ ಬೆಳೆದದ್ದು ಒಳನಾಡಿನ ಗದ್ದೆಗಳಲ್ಲಿ. ಬಂಟ್ವಾಳದಿಂದ ನೇತ್ರಾವತಿಯ ದೋಣಿಗಳು ಸರಕನ್ನು ಬಂದರಿಗೆ ಇಳಿಸುತ್ತಿದ್ದವು. ಬಂದರಿನಲ್ಲಿ ಬೆಲೆ ಬಿದ್ದರೆ ಗದ್ದೆಯೂ ಸೊರಗುತ್ತಿತ್ತು.

ಕಂಪನಿ ತನ್ನ ಆದಾಯವನ್ನು ಲೆಕ್ಕ ಹಾಕಿದ್ದು ಹೇಗೆ? 1819-20ರಲ್ಲಿ ಕಲೆಕ್ಟರ್ ಹ್ಯಾರಿಸ್ 'ತರಾವು' ಪದ್ಧತಿ ತಂದ. ಹಿಂದಿನ ವರ್ಷಗಳ ವಸೂಲಿಯ ಸರಾಸರಿಯೇ ಮುಂದಿನ ಕಂದಾಯ. ಅದನ್ನು ನಗದಾಗಿಯೇ ಕಟ್ಟಬೇಕು. ಆ ಸರಾಸರಿಯಲ್ಲಿ ನಾಳೆಯ ಬೆಲೆಗೆ ಜಾಗವಿರಲಿಲ್ಲ. 10 ಮುಡಿ ಅಕ್ಕಿ ಮಾರಿ ಕಟ್ಟುವ ಕಂದಾಯಕ್ಕೆ, ಬೆಲೆ ಮೂರನೇ ಒಂದರಷ್ಟು ಇಳಿದರೆ 15 ಮುಡಿ ಮಾರಬೇಕು. ಗದ್ದೆ ಮಾತ್ರ ಹಿಂದಿನಷ್ಟೇ ಬೆಳೆಯುತ್ತದೆ. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪನಿಯ ಏಕಸ್ವಾಮ್ಯ ಬೇರೆ.

ಬೆಲೆ ನಿಜಕ್ಕೂ ಇಳಿಯಿತು. ಆದರೆ 1824-26ರ ಬರ್ಮಾ ಯುದ್ಧದಿಂದ ಕಂಪನಿಯ ಬೊಕ್ಕಸ ಸೊರಗಿತ್ತು. 1830-31ರಲ್ಲಿ ರೈತರು ಊರೂರಲ್ಲಿ 'ಕೂಟ' ಸೇರಿದರು, ಅರ್ಜಿ ಬರೆದರು, ಕಂದಾಯ ಕಟ್ಟಲು ನಿರಾಕರಿಸಿದರು. 1834ರಲ್ಲಿ ಕೊಡಗು ಕಂಪನಿಯ ವಶವಾದಾಗ ಪುತ್ತೂರು, ಸುಳ್ಯ ಭಾಗಗಳನ್ನು ಕೆನರಾಕ್ಕೆ ಸೇರಿಸಲಾಯಿತು. ಧಾನ್ಯವಾಗಿ ಕಟ್ಟುತ್ತಿದ್ದ ಕಂದಾಯವನ್ನು ಅಲ್ಲಿಯೂ ನಗದಾಗಿ ಕೇಳಲಾಯಿತು. ಮೂರೇ ವರ್ಷಗಳಲ್ಲಿ ಬಂಡಾಯಗಾರರು ಬಂಟ್ವಾಳ ದಾಟಿ ಮಂಗಳೂರು ಸೇರಿದ್ದರು. ನಂದಾವರದ ಬಂಗರಸರು ಅವರ ಜೊತೆಗಿದ್ದರು.

ಎನ್. ಶ್ಯಾಮ್ ಭಟ್ ಅವರಂತಹ ಇತಿಹಾಸಕಾರರು ದಾಖಲೆಗಳ ಆಧಾರದಲ್ಲಿ ಈ ಕಾಲವನ್ನು ಅಧ್ಯಯನ ಮಾಡಿದ್ದಾರೆ. ಆದರೆ ನಮ್ಮ ವೇದಿಕೆಗಳಲ್ಲಿ ಚರ್ಚೆಯಾಗುವುದು ಬಂಡಾಯ ಯಾವ ಸಮುದಾಯದ್ದು ಎಂಬುದು. ಅಕ್ಕಿಯ ಬೆಲೆ ಕುಸಿದಾಗ ಗೌಡ, ಬಂಟ, ಜೈನ ಒಕ್ಕಲುಗಳಿಗೂ ಬಂದರಿನ ಮಾಪಿಳ್ಳೆ, ಕೊಂಕಣಿ ವರ್ತಕರಿಗೂ ಪೆಟ್ಟು ಬೀಳದೆ ಇದ್ದೀತೇ? ಇನ್ನು ಕೂಟಗಳಲ್ಲಿ ಮುಂದೆ ನಿಂತವರು ಭೂಮಿ ಉಳ್ಳವರು. ಅವರ ಗದ್ದೆಗಳಲ್ಲಿ ದುಡಿದ ಗೇಣಿದಾರ, ಕೂಲಿಯಾಳುಗಳ ದನಿ ಅರ್ಜಿಗಳಲ್ಲಿ ಕೇಳಿಸುವುದು ಅಪರೂಪ. ಈ ಮೌನವನ್ನು ನಾವೂ ಮುಂದುವರಿಸಬೇಕೇ?

ವೀರರಿಗೆ ಗೌರವ ಸಲ್ಲಲಿ. ಜೊತೆಗೆ, ಜನರ ಬೆಲೆ ಬಿದ್ದಾಗಲೂ ತನ್ನ ಆದಾಯ ಇಳಿಯಬಾರದೆಂದು ಹಟ ಹಿಡಿದ ಆಡಳಿತ ಏನನ್ನು ಕೊಯ್ದುಕೊಂಡಿತು ಎಂಬುದನ್ನೂ ಮಕ್ಕಳಿಗೆ ಕಲಿಸೋಣ. ಆಯವ್ಯಯ ಮಂಡಿಸುವವರು ಇಂದಿಗೂ ಓದಬೇಕಾದ ಪಾಠವದು.